ಗೋಡೆಯಾಚೆಯ ಬೇರು

“ಕಾಯಿ ಹಣ್ಣಾಗೋ ಹೊತ್ತಲ್ಲಿ ಯಾವ ಮರ ಹೀಗೆ ಎಲೆ ಉದುರಿಸುತ್ತೆ?”

ಟೈಲರಕ್ಕ ಕೇಳಿದ್ದು ಯಾರನ್ನೂ ಅಲ್ಲ. ಹಿತ್ತಲಲ್ಲಿ ಅವಳೊಬ್ಬಳೇ ಇದ್ದಳು. ಕೈಯಲ್ಲಿ ಪೊರಕೆ, ಕೊರಳಲ್ಲಿ ಅಳತೆಯ ಟೇಪು, ಕಾಲಬುಡದಲ್ಲಿ ನೇರಳೆಯ ಹಳದಿ ಎಲೆಗಳ ರಾಶಿ. ಮರ ಅವಳ ಮಾವ ನೆಟ್ಟದ್ದು. ಅವಳು ಮದುವೆಯಾಗಿ ಬಂದಾಗ ಮೊಣಕಾಲೆತ್ತರ ಇತ್ತು. “ನನಗೆ ಇಬ್ಬರು ಸೊಸೆಯರು, ಅದರಲ್ಲಿ ಒಬ್ಬಳು ಎದುರು ಮಾತಾಡ್ತಾಳೆ” ಎಂದು ಮಾವ ನಗಾಡುತ್ತಿದ್ದರು. ಅವರು ಹೋದ ಮೇಲೆ ಮರದ ಸುತ್ತ ಅವಳು ಲಕ್ಕಿ, ತುಂಬೆ, ನಂದಿಬಟ್ಟಲು ಬೆಳೆಸಿದ್ದಳು. ಈ ಮಣ್ಣಿನವೇ ಗಿಡಗಳು. ಜೇನು ಕರೆಯದೆಯೇ ಬರುತ್ತಿತ್ತು.

ಎಲೆ ಬಾಚಲು ಬಗ್ಗಿದಾಗ ಕಾಂಡದ ಬುಡದಲ್ಲಿ, ಪಕ್ಕದ ಮನೆಯ ಗೋಡೆಗೆ ಬೆನ್ನಾಗಿ ತನ್ನ ಮನೆಯತ್ತ ಇದ್ದ ಬದಿಯಲ್ಲಿ, ಕೋಟಿನ ಗುಂಡಿಯಷ್ಟು ಅಗಲದ ಕಂದು ಕಲೆ ಕಂಡಿತು. ಉಗುರಿನಿಂದ ಕೆದಕಿದಳು. ಮರಗೆಲಸದವರು ಸಂದಿಗೆ ಮೆತ್ತುವ ಪುಟ್ಟಿ, ನಡುನಡುವೆ ಹೊಳೆವ ಪುಡಿ. ದಪ್ಪ ಸೂಜಿ ಚುಚ್ಚಿದರೆ ಬೆರಳುದ್ದ ಒಳಗಿಳಿಯಿತು. ಔಷಧಿಯ ಘಾಟು ಮೂಗಿಗೆ ಹೊಡೆಯಿತು. ಯಾರೋ ಮರಕ್ಕೆ ತೂತು ಕೊರೆದು, ವಿಷ ಸುರಿದು, ಬಾಯಿ ಮುಚ್ಚಿದ್ದರು.

ಒಳಗೆ ಹೋಗಿ ಮಾವನ ಫೋಟೋ ಇಳಿಸಿದಳು. ಚೌಕಟ್ಟಿನ ಮೂಲೆಯಲ್ಲಿ ಅದೇ ಪುಟ್ಟಿ, ಅದೇ ಕಂದು ಬಣ್ಣ, ಅದೇ ಹೊಳೆವ ಪುಡಿ. ಚೌಕಟ್ಟು ಹಾಕಿಕೊಟ್ಟವನು ಪಕ್ಕದ ಮನೆಯವನು, ಫೋಟೋ ಸ್ಟುಡಿಯೋ ಇಟ್ಟವನು. “ಅಕ್ಕ, ನಿಮ್ಮ ಹಣ್ಣು ನನ್ನ ಬಿಳಿ ಕಾರಿಗೆ ಬಣ್ಣ ಹೊಡೀತಿದೆ” ಎಂದು ಹೋದ ವರ್ಷ ಜಗಳಕ್ಕೆ ಬಂದವನು. “ಕಾರು ತೊಳ್ಕೋಬಹುದು, ಮರಾನ ಹೊಲಿದು ಕೊಡೋಕಾಗುತ್ತಾ?” ಎಂದು ಅವಳು ಕಳಿಸಿದ್ದಳು. ತಿಂಗಳ ಹಿಂದೆ ತಾನು ತಂಗಿಯ ಮನೆಗೆ ಹೋಗಿ ಎರಡು ದಿನ ಇದ್ದದ್ದು ಈಗ ನೆನಪಾಯಿತು. ನಡುಮಟ್ಟದ ಗೋಡೆ. ದಾಟುವುದು ಎಷ್ಟು ಹೊತ್ತಿನ ಕೆಲಸ?

ಅವನಿಗೂ ಒಂದು ಮುದ್ದಿತ್ತು: ಗೋಡೆಯಾಚೆ ಬೆಳೆಸಿದ ಹುಲ್ಲುಹಾಸು. ದಿನಾ ಸಂಜೆ ಅದಕ್ಕೆ ಪೈಪು ಹಿಡಿದು ನಿಲ್ಲುತ್ತಿದ್ದ.

ಗಿಡ ಮಾರುವವನ ಬಳಿ ಹೋಗಿ ಎಲ್ಲ ಹೇಳಿದಳು. “ಅಣ್ಣ, ಹುಲ್ಲು ಬೇರು ಸಮೇತ ಸಾಯೋ ಔಷಧಿ ಕೊಡು.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ? ಹುಲ್ಲೇನು ಮಾಡ್ತಮ್ಮ?”

“ನನ್ನ ಹೊಟ್ಟೆ ಉರೀತಿದೆ. ಧರ್ಮ ನಾಳೆ ಹೇಳು, ಬಾಟಲಿ ಇವತ್ತು ಕೊಡು.”

ಅವನು ಕೊಟ್ಟ. “ಒಂದು ತಿಳ್ಕೊ. ಮರದ ಬೇರು ಇರೋ ಕಡೆ ಹೊಡೀಬೇಡ. ರೆಂಬೆ ಎಲ್ಲೀತನಕ ಚಾಚಿದೆಯೋ ಬೇರೂ ಅಲ್ಲೀತನಕ ಇರುತ್ತೆ. ಬೇರಿಗೇನು ಗೋಡೆ ಅಡ್ಡವಾ?”

ಮರುದಿನ ಮಧ್ಯಾಹ್ನ, ಅವನು ಸ್ಟುಡಿಯೋದಲ್ಲಿದ್ದ ಹೊತ್ತು, ಅವಳು ಬಾಟಲಿ ಹಿಡಿದು, ಸ್ಟೂಲು ಹಾಕಿ ಗೋಡೆ ಹತ್ತಿ ಆಚೆಗಿಳಿದಳು. ಹಗೆ ತೀರಿಸಿಕೊಂಡವರ ಕಥೆಗಳನ್ನು ಅಜ್ಜಿ ರಾಗವಾಗಿ ಓದುವಾಗ ಮಡಿಲಲ್ಲಿ ಮಲಗಿ ಕೇಳಿದವಳು. ಶಪಥ ತೊಟ್ಟವರು ಆ ಕಥೆಗಳಲ್ಲಿ ಹಿಂದೆಗೆಯುತ್ತಿರಲಿಲ್ಲ. ಅವಳೂ ಬಾಟಲಿಯ ಮುಚ್ಚಳ ತಿರುಗಿಸಿದಳು.

ಆದರೆ ಅಳೆಯದೆ ಕತ್ತರಿ ಹಾಕಿದವಳಲ್ಲ. ಬೇರು ಎಲ್ಲಿಗೆ ಮುಗಿಯುತ್ತದೆ ಎಂದು ಲೆಕ್ಕ ಹಿಡಿಯಲು ರೆಂಬೆಯ ಕೆಳಗೆ ಟೇಪು ಚಾಚಿದಳು. ತಲೆಯೆತ್ತಿದಳು. ತನ್ನ ಕಡೆ ಬೋಳು ಕೊಂಬೆಗಳು. ಅವನ ಕಡೆ ಗೊಂಚಲು ಗೊಂಚಲಾಗಿ ಹಣ್ಣು. ಟೇಪು ಮುಗಿಯಿತು, ಹಸಿರು ಮುಗಿಯಲಿಲ್ಲ. ಹುಲ್ಲುಹಾಸಿನ ಕೊನೆಯ ಅಂಚಿನವರೆಗೂ ರೆಂಬೆ ಹೋಗಿತ್ತು. ಕೆಳಗೆ ನೆಲ ತೇವವಾಗಿತ್ತು. ತೂತು ಕೊರೆದ ಕೈಯೇ, ತನಗೇ ತಿಳಿಯದೆ, ದಿನಾ ಸಂಜೆ ಮರಕ್ಕೆ ನೀರೂಡುತ್ತಿತ್ತು.

ಅವಳು ಬಾಟಲಿಯ ಮುಚ್ಚಳ ಬಿಗಿದಳು. ಹಗೆ ಇಳಿಯಲಿಲ್ಲ. ಅದಕ್ಕೆ ಬೇರೆ ಕೆಲಸ ಹಚ್ಚಬೇಕಿತ್ತು.

ಬಿದ್ದ ಹಣ್ಣಿನ ಬೀಜಗಳನ್ನೆಲ್ಲ ಆರಿಸಿದಳು. ಉಳಿದ ಲೈನಿಂಗ್ ಬಟ್ಟೆಯಲ್ಲಿ ಪುಟ್ಟ ಚೀಲಗಳನ್ನು ಹೊಲಿದು, ಮಣ್ಣು ತುಂಬಿ ಬಿತ್ತಿದಳು. ಮೊಳಕೆ ಬಂದ ಮೇಲೆ, ಬಟ್ಟೆ ಒಯ್ಯಲು ಬಂದವರ ಕೈಗೆಲ್ಲ ಒಂದೊಂದು ಸಸಿ. “ಗುಂಡಿ ಕಿತ್ರೆ ನಾನು ಹಾಕಿಕೊಡ್ತೀನಿ. ಇದಕ್ಕೆ ನೀರು ನೀವು ಹಾಕಿ.” ಮೂರು ಸಸಿಗಳನ್ನು ತಾನೇ ಗೋಡೆಯುದ್ದಕ್ಕೂ ನೆಟ್ಟಳು. ಅವನ್ನು ನೆಡುವಾಗ ಅವಳ ಮುಖದಲ್ಲಿ ನಗುವಿತ್ತು. ಅದು ಒಳ್ಳೆಯ ನಗು ಎಂದು ಹೇಳಲಾಗದು.

ಒಂದು ಬೆಳಿಗ್ಗೆ ಸ್ಟುಡಿಯೋದವನು ಬಂದ. “ಟೈಲರಕ್ಕ, ಮರ ಅರ್ಧ ಒಣಗಿಹೋಯ್ತಲ್ಲ. ಪಾಪ, ವಯಸ್ಸಾಯ್ತು ಅನ್ಸುತ್ತೆ. ಕಡಿಸಿಬಿಡೋಣ, ಆಳು ನಾನೇ ಕರೆಸ್ತೀನಿ.”

ಅವಳು ಮಾವನ ಫೋಟೋವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮರದಿಂದ ಕಿತ್ತ ಪುಟ್ಟಿಯ ಉಂಡೆ. “ಎರಡೂ ನಿಮ್ಮ ಕೈಕೆಲಸವೇ. ಗುರುತು ಸಿಗ್ತಾ?”

ಅವನು ಉಂಡೆಯನ್ನು ಎತ್ತಿ ಬೆರಳಲ್ಲಿ ಹೊರಳಿಸಿದ. “ಬುದ್ಧಿ ಕೆಟ್ಟಿತ್ತಕ್ಕ.”

“ನಂದೂ ಕೆಟ್ಟಿತ್ತು. ನಿಮ್ಮ ಹುಲ್ಲಿಗೆ ವಿಷ ತಂದಿದ್ದೆ. ಉಳಿದರ್ಧ ಮರ ನಿಮ್ಮ ನೀರು ಕುಡಿದೇ ಬದುಕಿದೆ ಅಂತ ಗೊತ್ತಾಗಿ ವಾಪಸು ಕೊಟ್ಟೆ. ದಿನಾ ನೀರು ಹಾಕ್ತಾ ಇರಿ. ಒಂದು ಸಂಜೆ ತಪ್ಪಿದ್ರೂ ಎಲೆ ನಂಗೆ ಹೇಳುತ್ತೆ.”

“ಹಾಕ್ತೀನಿ” ಎಂದ. ಬಾಗಿಲವರೆಗೆ ಹೋಗಿ, ಹೊಸ್ತಿಲ ಮೇಲೆ ತಿರುಗಿ ನಿಂತ. “ಗೋಡೆ ಪಕ್ಕ ಮೂರು ಸಸಿ ನೆಟ್ಟಿದ್ದೀರಲ್ಲ... ಅವನ್ನಾದ್ರೂ ಕಿತ್ತು ಬೇರೆ ಕಡೆ ನೆಡ್ತೀರಾ? ಕಾರು ಬಿಳಿದಕ್ಕ.”

ಅವಳು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು.

“ಕೀಳಲ್ಲ” ಎಂದಳು.