ಆರಿಸದ ಇದ್ದಿಲು

ಹಿತ್ತಿಲ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ತಂಗಿ ಇದ್ದಿಲು ಆರಿಸುತ್ತಿದ್ದಳು. ಮುಷ್ಟಿಗಾತ್ರದ್ದು ಒಂದು ಬುಟ್ಟಿಗೆ, ಚೂರು ಇನ್ನೊಂದಕ್ಕೆ, ಪುಡಿ ಗೋಣಿಚೀಲದಲ್ಲೇ. ಗಟ್ಟಿಮರದ ಇದ್ದಿಲು ಒಂದಕ್ಕೊಂದು ತಾಗಿದರೆ ಗಾಜಿನಂತೆ ಠಣ್ಣೆನ್ನುತ್ತದೆ. ಆ ಸದ್ದೊಂದೇ ಅವಳ ಜೊತೆ. ಶಾಲೆ ಬಿಟ್ಟು, ಅಕ್ಕ-ಭಾವ ಕೋಳಿ, ಮೀನು ಸುಟ್ಟು ಮಾರುವ ಈ ಅಂಗಡಿಗೆ ಬಂದಾಗಿನಿಂದ ಅವಳು ಈ ಮೂಲೆಯಲ್ಲೇ ಹಾಯಾಗಿದ್ದಳು. ಮುಂದಿನ ಕೌಂಟರಿನಲ್ಲಿ ಗಿರಾಕಿಗಳ ಮುಖ ಕಂಡರೆ ಸಾಕು, ನಾಲಿಗೆ ಒಣಗುತ್ತಿತ್ತು.

ಭಾವ ಹೊಸ ಚೀಲವೊಂದನ್ನು ತಂದು ದೊಪ್ಪನೆ ಇಳಿಸಿದ. ಒಳಗೆ ಇದ್ದಿಲ ಪುಡಿಯನ್ನು ಒತ್ತಿ ಮಾಡಿದ ಬ್ರಿಕೆಟ್‌ಗಳು, ಎಲ್ಲವೂ ಒಂದೇ ಅಚ್ಚಿನವು.

"ನೋಡಮ್ಮ, ಎಲ್ಲಾ ಅವಳಿಜವಳಿ. ಆರಿಸೋ ಗೋಳೇ ಇಲ್ಲ. ಇನ್ಮೇಲೆ ನೀನು ಕೌಂಟರಿಗೆ."

ಅವಳು ಇದ್ದಿಲ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು.

"ಮೊದಲು ಸುಟ್ಟು ನೋಡ್ರೀ, ಆಮೇಲೆ ದರ್ಬಾರು ಮಾಡಿ," ಎಂದಳು ಒಳಗಿನಿಂದ ಅಕ್ಕ.

ಎರಡು ಗ್ರಿಲ್ ಹೊತ್ತಿಸಿದರು, ಒಂದರಲ್ಲಿ ಇದ್ದಿಲು, ಇನ್ನೊಂದರಲ್ಲಿ ಬ್ರಿಕೆಟ್. ಇದ್ದಿಲು ಬೇಗ ಕೆಂಡವಾಯಿತು. ಬ್ರಿಕೆಟ್ ಮೈತುಂಬ ಬೂದಿ ಹೊದೆಯುವವರೆಗೆ ಕಾಯಬೇಕು. ಭಾವನಿಗೆ ಅಷ್ಟು ತಾಳ್ಮೆಯೆಲ್ಲಿ? ಕೋಳಿ ಇಟ್ಟವನೇ, ಇಷ್ಟು ವರ್ಷ ಇದ್ದಿಲಿಗೆ ಬೀಸಿದ ರೂಢಿಯಲ್ಲಿ, ಬೀಸಣಿಗೆ ಎತ್ತಿ ಪಟಪಟ ಬೀಸಿದ. ಬೂದಿ ಬುಸ್ಸೆಂದು ಎದ್ದು ಕೋಳಿಗೂ ಅವನ ಮೀಸೆಗೂ ಮೆತ್ತಿಕೊಂಡಿತು.

"ಅಯ್ಯೋ, ಒಂದೇ ಗಳಿಗೇಲಿ ಮುದುಕ ಆಗೋದ್ರಲ್ಲ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೇ ಸಲ ಬೀಸದೆ ಮುಚ್ಚಳ ಹಾಕಿಟ್ಟರು. ದಪ್ಪ ತೊಡೆ ಮೂಳೆಯವರೆಗೂ ಹದವಾಗಿ ಬೆಂದಿತು. ಮೀನಿಗೆ ಮಾತ್ರ ಇದ್ದಿಲ ಚುರುಕು ಬಿಸಿಯೇ ಸರಿಹೋಯಿತು. ಕೋಳಿಗೆ ಬ್ರಿಕೆಟ್, ಮೀನಿಗೆ ಇದ್ದಿಲು ಎಂದು ಅಕ್ಕ ತೀರ್ಪು ಕೊಟ್ಟಳು. ತಂಗಿಗೆ ಹೋದ ಜೀವ ಬಂದಂತಾಯಿತು.

"ಸರಿ, ಇನ್ಮೇಲಾದ್ರೂ ಆರಿಸಿದ ಇದ್ದಿಲನ್ನೇ ತರಿಸು," ಭಾವ ಅಕ್ಕನತ್ತ ತಿರುಗಿ ಮೀಸೆ ಒರೆಸಿಕೊಂಡ. "ಇದ್ದಿಲಿನವನು ತಾನೇ ಆರಿಸಿ ಕೊಡ್ತೀನಿ ಅಂದ್ರೂ ಬೇಡ ಅಂತೀಯಲ್ಲ. ಅವಳಿಗೆ ಹಿಂದೆ ಒಂದು ಕೆಲಸ ಇರ್ಲಿ, ಜನದ ಮುಂದೆ ನಿಲ್ಸೋದು ಬೇಡ ಅಂತ ಇನ್ನೆಷ್ಟು ದಿನ..."

ಅಕ್ಕ ಕಣ್ಣಲ್ಲೇ ಗದರಿದಳು. ಮಾತು ಆಗಲೇ ಹೊರಬಿದ್ದಿತ್ತು.

ಏನೂ ಆಗದವಳಂತೆ ಅಕ್ಕ ಕೌಂಟರಿಗೆ ಹೋದಳು. ನಿಂತು ನಿಂತು ಅವಳ ಪಾದ ಚಪ್ಪಲಿಯ ಪಟ್ಟಿಯಾಚೆಗೆ ಊದಿಕೊಂಡಿತ್ತು. ಆ ಬಾವು ಯಾರ ಪಾಲಿನದೆಂದು ತಂಗಿಗೆ ಈಗ ತಿಳಿಯಿತು. ಕೈಯ ಕರಿಯನ್ನು ಉಜ್ಜಿ ಉಜ್ಜಿ ತೊಳೆದು, ಹಿತ್ತಿಲಲ್ಲಿದ್ದ ಸ್ಟೂಲೊಂದನ್ನು ಎತ್ತಿಕೊಂಡು ಬಂದು ಅಕ್ಕನ ಹಿಂದೆ ಇಟ್ಟಳು. ಎದುರಿಗೆ ಗಿರಾಕಿಗಳು ನೆರೆದಿದ್ದರು. ನಾಲಿಗೆ ಎಂದಿನಂತೆ ಒಣಗಿತ್ತು.

ಅಕ್ಕ ತಿರುಗಿ ಸ್ಟೂಲನ್ನು ನೋಡಿದಳು, ಅವಳನ್ನು ನೋಡಿದಳು. ಒಳಗೆ ಭಾವನ ಬೀಸಣಿಗೆ ನಿಂತಿತು.

"ಅಕ್ಕ, ನೀನು ಸ್ವಲ್ಪ ಕೂತ್ಕೋ."