ಕೇಶವಮೂರ್ತಿಗಳ ಮಂದ್ರದ ಪೆಟ್ಟಿಗೆ

ಕೇಶವಮೂರ್ತಿಗಳು ಯಾವ ವಸ್ತುವನ್ನೂ ಬರೀ ಕಣ್ಣಿನಿಂದ ನೋಡಿ ಕೊಂಡವರಲ್ಲ. ಬಲಗೈಯ ನಡುಬೆರಳನ್ನು ಮಡಿಸಿ, ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಒಳಗಿನಿಂದ ಏನು ಉತ್ತರ ಬರುತ್ತದೆಂದು ಆಲಿಸಿದ ಮೇಲೆಯೇ ಅವರ ಕೈ ಜೇಬಿಗೆ ಹೋಗುತ್ತಿದ್ದುದು. ಕಲ್ಲಂಗಡಿಯನ್ನೂ ತೆಂಗಿನಕಾಯಿಯನ್ನೂ ಎಲ್ಲರೂ ತಟ್ಟಿ ನೋಡುತ್ತಾರೆ. ಇವರು ಮಂಚವನ್ನು ತಟ್ಟುವರು, ಬೀರುವನ್ನು ತಟ್ಟುವರು, ನೀರಿನ ಟ್ಯಾಂಕನ್ನು ತಟ್ಟುವರು. ಮಗಳಿಗೆ ಗಂಡು ನೋಡಲು ಹೋದಾಗ ಬೀಗರಾಗಲಿದ್ದವರ ಮನೆಯ ಗೋಡೆಯನ್ನೇ ತಟ್ಟಿ, ಹೊರಗೆ ಬಂದ ಮೇಲೆ ಹೆಂಡತಿಯ ಕಿವಿಯಲ್ಲಿ, "ಗೋಡೆ ಟೊಳ್ಳು, ಮನುಷ್ಯರು ಗಟ್ಟಿ, ಮುಂದುವರಿಯಬಹುದು" ಎಂದಿದ್ದರಂತೆ.

ಚಿಕ್ಕನಾಯಕನಹಳ್ಳಿಯ ಈ ಮನುಷ್ಯ ಮೂವತ್ತನಾಲ್ಕು ವರ್ಷ ವಿಶಾಖಪಟ್ಟಣ ಬಂದರಿನಲ್ಲಿ ಕ್ರೇನುಗಳ ದುರಸ್ತಿಯ ಎಂಜಿನಿಯರಾಗಿದ್ದವರು. ಅದೇ ವಿಭಾಗದಲ್ಲಿ ನಾನು ಅವರ ಕಿರಿಯ. ಎಂವಿಪಿ ಕಾಲೋನಿಯಲ್ಲಿ ಅವರ ಮನೆಯಿಂದ ಎರಡು ಬೀದಿ ಆಚೆ ನನ್ನ ಮನೆ. ನೂರಡಿ ಮೇಲೆ ತಿರುಗುವ ಚಕ್ರದ ಯಾವ ಬೇರಿಂಗು ಸವೆದಿದೆಯೆಂಬುದನ್ನು ಅವರು ಕೆಳಗೆ ಹಡಗು ತಂಗುವ ಜೆಟ್ಟಿಯ ಮೇಲೆ ನಿಂತು, ಗಾಳಿಯ ಮತ್ತು ಹಡಗುಗಳ ಗದ್ದಲದ ನಡುವೆಯೇ ಹೇಳಬಲ್ಲವರಾಗಿದ್ದರು. ಏನು ಕೇಳಿದರೂ ಮೊದಲ ಉತ್ತರ ಒಂದೇ: "ಕೇಳಿ ಹೇಳ್ತೀನಿ ಅಂಡಿ." ತುಮಕೂರು ಕಡೆಯ ಕನ್ನಡಕ್ಕೆ ತೆಲುಗಿನ ಮರ್ಯಾದೆಯ 'ಅಂಡಿ' ಯಾವಾಗ ಬಂದು ಅಂಟಿಕೊಂಡಿತೋ ಅವರಿಗೇ ತಿಳಿಯದು. ಏಣಿಗಳನ್ನು ಹತ್ತಿ ಇಳಿದು ಅವರ ನಡಿಗೆಯೇ ಒಂದು ವಿಚಿತ್ರ ಭಂಗಿಗೆ ತಿರುಗಿತ್ತು. ಸಮತಟ್ಟಾದ ರಸ್ತೆಯಲ್ಲೂ ಪಾದವನ್ನು ಅಡ್ಡಡ್ಡವಾಗಿ ಊರುತ್ತ, ಇಲ್ಲದ ಕಟಕಟೆಯೊಂದನ್ನು ಹಿಡಿದವರಂತೆ ಎಡಗೈಯನ್ನು ತುಸು ಚಾಚಿ ನಡೆಯುವರು. ಬಂದರು ಕೊಟ್ಟ ನೀಲಿ ಕೋಟನ್ನು ಮೊಣಕೈಗೆ ತೇಪೆ ಹಾಕಿಸಿಕೊಂಡು, ನಿವೃತ್ತಿಯ ನಂತರವೂ, ಮೇ ತಿಂಗಳ ಬೆವರಿನಲ್ಲೂ ಬಿಡಲಿಲ್ಲ.

2014ರಲ್ಲಿ ಅವರು ನಿವೃತ್ತರಾದಾಗ ನಾವೆಲ್ಲ ಸೇರಿ ಒಂದು ಸಣ್ಣ ಆಂಪ್ಲಿಫೈಯರನ್ನೂ, ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಒಂದು ಜೊತೆ ಪುಟ್ಟ ಸ್ಪೀಕರುಗಳನ್ನೂ ಕೊಟ್ಟಿದ್ದೆವು. ಬಹು ಇಂಪಾದ ಸ್ಪೀಕರುಗಳು. ಪಿಟೀಲು, ಕೊಳಲು, ಹೆಣ್ಣುಕಂಠ ಇವುಗಳನ್ನು ಎದುರಿಗೆ ತಂದು ಕೂರಿಸುತ್ತಿದ್ದವು. ಎರಡು ವರ್ಷ ಅವುಗಳ ಬಗ್ಗೆ ಆ ಮನೆಯಲ್ಲಿ ಯಾರೂ ದೂರು ಹೇಳಲಿಲ್ಲ.

ಮೂರ್ತಿಗಳ ಪತ್ನಿ ಭ್ರಮರಾಂಬನವರು ವಿಜಯವಾಡದವರು, ಮೃದಂಗ ವಿದ್ವಾಂಸ ಸೂರ್ಯಪ್ರಕಾಶರಾಯರ ಹಿರಿಯ ಮಗಳು. 2016ರಲ್ಲಿ ಅವರ ತಂಗಿ ಸಾಯಿಲಕ್ಷ್ಮಿ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ತಂದೆಯ ಕಛೇರಿಗಳ ಕ್ಯಾಸೆಟ್ಟುಗಳು ಸಿಕ್ಕವು. ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು. ಸರಿಯಾಗಿ ಉಳಿದದ್ದು ಒಂದೇ, 1991ರ ದಸರೆಯಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಕೆಳಗಿನ ಚಪ್ಪರದಲ್ಲಿ ನಡೆದ ಕಛೇರಿಯದು. ರಾಯರು ಲೋಕದ ಮುಂದೆ ನುಡಿಸಿದ ಕೊನೆಯ ಕಛೇರಿ ಅದು. ಸಾಯಿಲಕ್ಷ್ಮಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ಅಕ್ಕನಿಗೆ ಕಳಿಸಿದರು.

ಭ್ರಮರಾಂಬನವರು ಮಿಂದು, ಹೂ ಮುಡಿದು, ಗುಡಿಯಲ್ಲಿ ಕೂರುವಂತೆ ಕೂತು ಕೇಳತೊಡಗಿದರಂತೆ. ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋದರು.

"ಯಾಕೆ ಭ್ರಮರಾ, ಏನಾಯ್ತು?"

"ಅದು ನಾನ್ನಗಾರು ಅಲ್ಲ ಅಂಡಿ. ಬಲಗೈ ಮಾತ್ರ ಟಿಣ್ ಟಿಣ್ ಅಂತಿದೆ. ನಾನ್ನಗಾರ ಎಡಗೈ ಎಲ್ಲಿ?"

ತಂದೆಯನ್ನು ಅವರು ಕರೆಯುತ್ತಿದ್ದುದು ನಾನ್ನಗಾರು ಎಂದೇ. ಮಾತು ನಿಜವಾಗಿತ್ತು. ಅಂಗೈಯಗಲದ ಆ ಸ್ಪೀಕರುಗಳಿಗೆ ಮೃದಂಗದ ಎಡಭಾಗದ ಗಂಭೀರ ನಾದ ಎಟುಕುತ್ತಿರಲಿಲ್ಲ. ರವೆ ಮೆತ್ತಿದ ಆ ಚರ್ಮದಿಂದ ಪಾರಿವಾಳದ ಗಂಟಲಿನಂತೆ ಉರುಳಿ ಬರುವ ಗುಂಕಾರ, ಬರೀ ಹಲಗೆ ತಟ್ಟಿದ ಸದ್ದಾಗಿ ಉಳಿದಿತ್ತು. ಮಂದ್ರವನ್ನು ಮಾತ್ರ ನುಡಿಸುವ ಇನ್ನೊಂದು ಪೆಟ್ಟಿಗೆ, ಸಬ್‌ವೂಫರ್, ಬೇಕಾಗಿತ್ತು. ಹತ್ತು ಸಾವಿರ ದಾಟಬಾರದೆಂದು ಮೂರ್ತಿಗಳೇ ಗೆರೆ ಎಳೆದುಕೊಂಡರು. ಪಿಂಚಣಿದಾರನ ಶೋಕಿಗೆ ಅಷ್ಟು ಸಾಕೆಂಬುದು ಅವರ ಮತ.

ಅಲ್ಲಿಂದ ಎಂಟು ತಿಂಗಳು ಅವರು ಪಟ್ಟ ಪಾಡನ್ನು ನೆನೆದರೆ ನನಗೆ ಇಂದೂ ನಗು ಬರುತ್ತದೆ, ನಗುವಿನ ಹಿಂದೆಯೇ ಇನ್ನೇನೋ ಬರುತ್ತದೆ. ನೀಲಿ ಕೋಟಿನ ಒಳಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು, ಡಾಬಾಗಾರ್ಡನ್ಸಿನ ಅಂಗಡಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋಗುವರು. ಅಂಗಡಿಯವರು ಹೊಸ ಸಿನಿಮಾ ಹಾಡು ಹಾಕಿ, ಗಾಜಿನ ಬಾಗಿಲು ನಡುಗುವಂತೆ ಮಾಡಿ, "ಗುಂಡೆ ಅದಿರಿಪೋತುಂದಿ ಸಾರ್" ಎಂದು ಹಿಗ್ಗುವರು. ಇವರು, "ಗುಂಡಿಗೆ ಅದುರೋದು ಬೇಡಪ್ಪ, ನನಗೆ ಒಬ್ಬರ ಎಡಗೈ ಕೇಳಬೇಕು" ಎಂದು ಪೆನ್‌ಡ್ರೈವ್ ಮುಂದೆ ಹಿಡಿಯುವರು. ದೊಡ್ಡ ದೊಡ್ಡ ಪೆಟ್ಟಿಗೆಗಳು ರಾಯರ ಎಡಗೈಯನ್ನು ಗುಡುಗನ್ನಾಗಿಸಿ, ಒಂದು ಪೆಟ್ಟಿನ ಬಾಲದ ಮೇಲೆ ಇನ್ನೊಂದನ್ನು ಹೇರಿ, ಗಾಡಿ ಕಲ್ಲು ಸುರಿದಂತೆ ಸುರಿಯುತ್ತಿದ್ದವು. ಪೆಟ್ಟಿಗೆಯ ಬೆನ್ನು ತಟ್ಟಿ, ತಲೆ ವಾಲಿಸಿ, "ತಗಡು" ಎಂದೋ "ಹೊಟ್ಟು" ಎಂದೋ ಒಂದೇ ಶಬ್ದದ ತೀರ್ಪು ಕೊಟ್ಟು ಹೊರಡುವರು.

ಒಂದು ಸಂಜೆ ಕಡಲ ದಂಡೆಯ ಕಟ್ಟೆಯ ಮೇಲೆ ಕೂತಾಗ ನಾನು ಬೇಸತ್ತು, "ಯಾವುದೋ ಒಂದು ತಗೊಂಡುಬಿಡಿ ಸರ್, ಅಮ್ಮಾವ್ರಿಗೆ ಅಷ್ಟೇ ಸಾಕು" ಎಂದೆ. ಆಗ ಅವರು ನನಗೆ ಆವರೆಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು.

1991ರ ಆ ಕಛೇರಿಗೆ ಅವರೂ ಹೋಗಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದರು. ಮೃದಂಗ ಒಂಟಿಯಾಗಿ ನುಡಿಯುವ ತನಿ ಆವರ್ತನದ ಕೊನೆಯಲ್ಲಿ, ವೇಗ ಏರಿದ ಘಟ್ಟದಲ್ಲಿ, ಮಾವನ ಎಡಗೈ ಬಲಗೈಗಿಂತ ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತಿರುವುದು ಅವರಿಗೆ ಕೇಳಿಸಿತು. ಸಭೆಯಲ್ಲಿ ಇನ್ನಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ಮುಗಿಲು ಮುಟ್ಟಿತು. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಇರುವಾಗಲೇ, "ಮಾವಯ್ಯಗಾರು, ಎಡಗೈ ಒಂಚೂರು ತಡವಾಗ್ತಾ ಇದೆ, ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ" ಎಂದುಬಿಟ್ಟರು. ರಾಯರು ಲೋಟ ಕೆಳಗಿಟ್ಟರು. "ಕ್ರೇನು ರಿಪೇರು ಚೇಸೇವಾಡು ನಾ ತಾಳಂ ದಿದ್ದುತಾಡಾ?" ಕ್ರೇನು ದುರಸ್ತಿ ಮಾಡುವವನು ನನ್ನ ತಾಳ ತಿದ್ದುತ್ತಾನೆಯೇ ಎಂದು ಎದ್ದು ಹೋದವರು ಅಳಿಯನೊಡನೆ ಮತ್ತೆ ಮಾತಾಡಲಿಲ್ಲ. ಐದು ತಿಂಗಳಿಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಯಿತು. ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡರು.

"ಭ್ರಮರಾ ಒಂದೇ ಸಲ ಅಂದ್ಲು ಕಣ್ರೀ. ಆ ಮಾತಿಗೇ ನಾನ್ನಗಾರು ಕುಸಿದುಹೋದ್ರು, ಕೈಗೆ ನಿಮ್ಮ ನಾಲಿಗೆ ತಗುಲ್ತು ಅಂತ. ಆಮೇಲೆ ಅಂದಿಲ್ಲ. ಆದ್ರೆ ಅಂದಿದ್ದು ಹೋಗುತ್ತಾ?"

"ಹಾಗಾದ್ರೆ ಒಳ್ಳೆ ಪೆಟ್ಟಿಗೆ ಬಂದ್ರೆ ನೀವು ಹೇಳಿದ್ದು ಸರಿ ಅಂತ ಗೊತ್ತಾಗುತ್ತಲ್ಲ ಸರ್."

"ಇಲ್ಲಾಂದ್ರೆ ತಪ್ಪು ಅಂತಲೂ ಗೊತ್ತಾಗಬಹುದು. ಜೆಟ್ಟಿ ಮೇಲೆ ನಿಂತು ಬೇರಿಂಗು ಕೇಳೋ ಕಿವಿ ಅದು. ಮೃದಂಗದಲ್ಲಿ ಯಾವುದೋ ಪ್ರತಿಧ್ವನಿ ಕೇಳಿ ಮೋಸ ಹೋಗಿರಬಹುದು. ಇಪ್ಪತ್ತೈದು ವರ್ಷದಿಂದ ನನಗೂ ಗೊತ್ತಿಲ್ಲ." ಅಲೆ ಬಂದು ಕಟ್ಟೆಯ ಕಲ್ಲಿಗೆ ಬಡಿದು ಹೋಯಿತು. "ಅವಳು ಕೇಳಿದ್ದು ಅಪ್ಪನ ಎಡಗೈ. ಇದ್ದದ್ದು ಇದ್ದ ಹಾಗೆ ಬರಬೇಕು. ಗುಡುಗೋ ಪೆಟ್ಟಿಗೆ ತಂದ್ರೆ ಅದರಲ್ಲಿ ನನ್ನ ತಪ್ಪೂ ಮುಚ್ಚಿಹೋಗುತ್ತೆ, ಅವರದ್ದೂ ಮುಚ್ಚಿಹೋಗುತ್ತೆ."

2017ರಲ್ಲಿ ರಾಯರ ತಿಥಿಗೆಂದು ವಿಜಯವಾಡಕ್ಕೆ ಹೋದಾಗ, ಗವರ್ನರ್‌ಪೇಟೆಯ ಓಣಿಯೊಂದರಲ್ಲಿ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುವ ಕೃಷ್ಣಚೈತನ್ಯ ಎಂಬವನ ಅಂಗಡಿ ಅವರಿಗೆ ಸಿಕ್ಕಿತು. ನಲವತ್ತರ ಆಸಾಮಿ, ಸಿನಿಮಾ ಹಾಡು ಹಾಕಲಿಲ್ಲ. ಪೆನ್‌ಡ್ರೈವಿನ ಕಛೇರಿಯನ್ನು ಪೂರ್ತಿ ಐದು ನಿಮಿಷ ಕೇಳಿ, ಮೂಲೆಯಲ್ಲಿ ಧೂಳು ಹಿಡಿದಿದ್ದ, ಎಂಟಂಗುಲದ ಬಾಯಿಯ ಕರಿಯ ಪೆಟ್ಟಿಗೆಯೊಂದನ್ನು ಎಳೆದ. ಅದಕ್ಕೆ ಬೇರೆ ಪೆಟ್ಟಿಗೆಗಳಂತೆ ಗಾಳಿಯಾಡುವ ಕಿಂಡಿ ಇರಲಿಲ್ಲ. ಎಲ್ಲ ಕಡೆಯೂ ಮುಚ್ಚಿತ್ತು.

"ಇದು ಜಾಸ್ತಿ ಕೂಗಲ್ಲ ಸಾರ್, ಅದಕ್ಕೇ ಯಾರೂ ಕೊಳ್ಳಲ್ಲ. ಬೇಸ್ ಎಷ್ಟು ಜೋರಾಗಿ ಶುರುವಾಗುತ್ತೆ ಅಂತ ಎಲ್ಲರೂ ನೋಡ್ತಾರೆ ಅಂಡಿ. ಎಷ್ಟು ಬೇಗ ನಿಲ್ಲುತ್ತೆ ಅಂತ ನೋಡಬೇಕು. ಕೈ ನಿಂತರೆ ಸದ್ದೂ ನಿಲ್ಲಬೇಕು."

ಮೂರ್ತಿಗಳು ಪೆಟ್ಟಿಗೆಯನ್ನು ತಟ್ಟಿದರು, ನಾಲ್ಕೂ ಬದಿ ತಟ್ಟಿದರು. ಒಳಗಿನಿಂದ ಬಂದದ್ದು ತುಂಬಿದ ಕಣಜದ ಉತ್ತರ. ಬೆಲೆಯೂ ಅವರ ಗೆರೆಯೊಳಗೇ ಇತ್ತು. ಮರುದಿನ ಬೆಳಗಿನ ರತ್ನಾಚಲ್ ರೈಲಿನಲ್ಲಿ ಅದನ್ನು ಕಾಲುಗಳ ನಡುವೆ ಇರಿಸಿಕೊಂಡು, ಸಾಮಾನು ಇಡುವ ಹಲಗೆಯ ಮೇಲಿಡಲು ಯಾರು ಹೇಳಿದರೂ ಒಪ್ಪದೆ, ವಿಶಾಖಪಟ್ಟಣ ತಲುಪಿದರು.

ಪೆಟ್ಟಿಗೆ ಬಂದರೆ ಮುಗಿಯಲಿಲ್ಲ, ಅದಕ್ಕೆ ಜಾಗ ಹುಡುಕಬೇಕಿತ್ತು. ನಾನು ಹೋದಾಗ ಕಂಡ ದೃಶ್ಯವಿದು: ಮೂರ್ತಿಗಳ ಕುರ್ಚಿಯ ಮೇಲೆ ಸಬ್‌ವೂಫರ್ ರಾಜಗಾಂಭೀರ್ಯದಿಂದ ಕೂತಿದೆ, ಅರವತ್ತಮೂರರ ಮೂರ್ತಿಗಳು ಮೊಣಕಾಲೂರಿ, ಕಿವಿಯನ್ನು ನೆಲದತ್ತ ತಗ್ಗಿಸಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತಿದ್ದಾರೆ. ಕೇಳುವವನ ಜಾಗದಲ್ಲಿ ಪೆಟ್ಟಿಗೆಯನ್ನಿಟ್ಟು, ಕೋಣೆಯ ಯಾವ ಮೂಲೆಯಲ್ಲಿ ಮಂದ್ರ ನಿಚ್ಚಳವಾಗಿ ಕೇಳುವುದೋ ಅಲ್ಲಿ ಪೆಟ್ಟಿಗೆಯನ್ನು ಇಡಬೇಕಂತೆ. ಭ್ರಮರಾಂಬನವರು ಬಾಗಿಲಲ್ಲಿ ನಿಂತು, "ಇಷ್ಟು ಭಕ್ತಿಯಿಂದ ಯಾವ ದೇವರಿಗೂ ಹೀಗೆ ಬಗ್ಗಲಿಲ್ಲ ಈ ಮನುಷ್ಯ" ಎಂದರು. ಮೊದಲ ದಿನ ಕೆಳಗಿನ ಮನೆಯ ಲಕ್ಷ್ಮೀಕಾಂತಮ್ಮ ತಮ್ಮ ಪಾತ್ರೆಗಳು ತಾವಾಗಿ ಮಾತಾಡುತ್ತಿವೆಯೆಂದು ದೂರು ತಂದಾಗ, ಮೂರ್ತಿಗಳು ಆಕೆಯ ಅಡುಗೆಮನೆಗೇ ಹೋಗಿ ನಿಂತು ಕೇಳಿ, ಬಂದು ಪೆಟ್ಟಿಗೆಯನ್ನು ಗೋಡೆಯಿಂದ ಎರಡು ಗೇಣು ಈಚೆ ಸರಿಸಿದರು. ಆಮೇಲೆ ಅದರ ಬೆನ್ನಿನ ತಿರುಗಣೆ. ಪುಟ್ಟ ಸ್ಪೀಕರುಗಳು ಕೈಬಿಡುವಲ್ಲಿ ಇದು ಕೈಹಿಡಿಯಬೇಕು. ಮೊದಲೇ ಹಿಡಿದರೆ ಗದ್ದಲ, ತಡವಾದರೆ ನಡುವೆ ಹಳ್ಳ. ಕೂದಲೆಳೆಯಷ್ಟು ತಿರುಗಿಸುವುದು, ಬಂದು ಕೂರುವುದು, ಮತ್ತೆ ಏಳುವುದು.

ನಾಲ್ಕನೆಯ ದಿನ ಎಲ್ಲ ಸರಿಹೋಯಿತೆಂದು ನನಗೆ ಅನ್ನಿಸಿತು. ಅವರು ಮಾತ್ರ "ಇನ್ನೂ ಸರಿಹೋಗಿಲ್ಲ" ಎನ್ನುತ್ತ ವಾರ ತಳ್ಳಿದರು. ಕಾರಣವನ್ನು ತಿಂಗಳುಗಳಾದ ಮೇಲೆ ಹೇಳಿದರು. ಹೆಂಡತಿ ಗುಡಿಗೆ ಹೋಗಿದ್ದಾಗ ಒಬ್ಬರೇ ಕೂತು ಕಛೇರಿಯ ಕೊನೆಯವರೆಗೆ ಕೇಳಿದ್ದರು. ಎಡಗೈ ತಡವಾಗುತ್ತಿತ್ತು. ಅನುಮಾನಕ್ಕೆ ಎಡೆಯಿರಲಿಲ್ಲ. ತಿರುಗಣೆಯನ್ನು ತುಸು ಮೇಲಕ್ಕೆ ತಿರುಗಿಸಿದ್ದರೆ ಸಾಕಿತ್ತು, ನಾದ ಮಬ್ಬಾಗಿ ಆ ಸಂದು ಮುಚ್ಚಿಹೋಗುತ್ತಿತ್ತು. ಮೂರು ಸಲ ಕೈ ಅಲ್ಲಿಗೆ ಹೋಗಿ ಬಂದಿತ್ತಂತೆ.

ಕಡೆಗೆ ಭಾನುವಾರ ಬೆಳಗ್ಗೆ ಭ್ರಮರಾಂಬನವರೇ, "ಸಾಕು, ಏಮಂಡಿ, ಹಾಕಿ" ಎಂದು ಎದುರು ಕೂತರು. ಕಾಫಿ ಕುಡಿದು ಏಳಹೊರಟ ನನ್ನನ್ನೂ ಕೂರಿಸಿದರು. ತಿರುಗಣೆ ಸರಿಯಾದ ಜಾಗದಲ್ಲೇ ಇತ್ತು.

ಮೊದಲ ಗುಂಕಾರಕ್ಕೆ ಆಕೆ ಕಣ್ಣು ಮುಚ್ಚಿದರು. "ನಾನ್ನಗಾರು" ಎಂದರು. ತೊಡೆಯ ಮೇಲೆ ತಾಳ ಹಾಕತೊಡಗಿದ ಅವರ ಕೈಯಲ್ಲಿ ವರ್ಷಗಳು ಉದುರಿಹೋದುವು. ತನಿ ಆವರ್ತನ ಏರುತ್ತ ಏರುತ್ತ ಕೊನೆಯ ಘಟ್ಟಕ್ಕೆ ಬಂದಾಗ ಆ ಕೈ ಒಮ್ಮೆ ತಡವರಿಸಿತು, ಮತ್ತೊಮ್ಮೆ ತಡವರಿಸಿತು. ಅವರು ವಿದ್ವಾಂಸರ ಮಗಳು, ಯಾರೂ ತೋರಿಸಬೇಕಾಗಿರಲಿಲ್ಲ. ಚಪ್ಪಾಳೆ ಮುಗಿದು ಕ್ಯಾಸೆಟ್ಟಿನ ಸುಯ್ಲಷ್ಟೇ ಉಳಿದ ಮೇಲೆ ಗಂಡನ ಕಡೆ ತಿರುಗಿದರು.

"ಅವತ್ತು ನೀವು ಹೇಳಿದ್ದು ಇದೇನಾ?"

"ನನಗೆ ನೆನಪಿಲ್ಲ" ಎಂದರು ಮೂರ್ತಿಗಳು.

ಬಂದರಿನ ಪ್ರತಿಯೊಂದು ಕ್ರೇನಿನ ಪ್ರತಿಯೊಂದು ನರಳಿಕೆಯನ್ನೂ ತೇದಿ ಸಹಿತ ನೆನಪಿಟ್ಟ ಮನುಷ್ಯ!

"ಸುಳ್ಳು ಹೇಳೋದು ಯಾವಾಗ ಕಲಿತ್ರಿ?" ಎಂದರು ಭ್ರಮರಾಂಬನವರು. "ಇಷ್ಟು ವರ್ಷ ನಿಮ್ಮನ್ನ..." ಎಂದು ಶುರುಮಾಡಿದ ಮಾತನ್ನು ಅವರು ಮುಗಿಸಲಿಲ್ಲ, ಮೂರ್ತಿಗಳು ಮುಗಿಸಗೊಡಲೂ ಇಲ್ಲ, "ಕಾಫಿ ಆರಿಹೋಯ್ತು" ಎಂದು ಎದ್ದರು. ಆಕೆ ಅವರ ಕೋಟಿನ ತೋಳು ಹಿಡಿದು ಕೂರಿಸಿ, "ಇನ್ನೊಂದ್ಸಲ ಹಾಕಿ, ಆ ಜಾಗದಿಂದ" ಎಂದರು. ಈ ಸಲ ಆ ಘಟ್ಟ ಬಂದಾಗ ಆಕೆಯ ತಾಳದ ಕೈ ತಾನಾಗಿ ನಿಧಾನಿಸಿತು. ಹಿಂದೆ ಬಿದ್ದ ತಂದೆಯ ಎಡಗೈ ಬಂದು ಸೇರುವವರೆಗೆ ಕಾದು, ಜೊತೆಗೂಡಿ ಮುಂದೆ ನಡೆಯಿತು.

2019ರಲ್ಲಿ ನಾನು ವರ್ಗವಾಗಿ ಆ ಊರು ಬಿಟ್ಟೆ. ಅಷ್ಟರಲ್ಲಿ ಸಾಯಿಲಕ್ಷ್ಮಿಯವರು ಬೂಷ್ಟು ಹಿಡಿದ ಇನ್ನೆರಡು ಕ್ಯಾಸೆಟ್ಟುಗಳನ್ನು ತೊಳೆಸಿ ಕಳಿಸಿದ್ದರು. ಭಾನುವಾರದ ಬೆಳಗು ಆ ಮನೆಯಲ್ಲಿ ರಾಯರ ಬೆಳಗಾಗಿತ್ತು. ಇಂದು ನನ್ನ ಸುತ್ತ ತೀಕ್ಷ್ಣವಾದ ಕಿವಿಯುಳ್ಳವರಿಗೆ ಕೊರತೆಯಿಲ್ಲ. ಇನ್ನೊಬ್ಬರ ಅಪಸ್ವರ ಕೇಳಿದೊಡನೆ ಅವರ ಮುಖ ಬೆಳಗುತ್ತದೆ, ಕೇಳಿದ್ದನ್ನು ಕೂಡಲೇ ಸಭೆಗೆ ಹೇಳುತ್ತಾರೆ, ನಿಜವೆಂದು ರುಜುವಾತಾದರೆ ಜನ್ಮವಿಡೀ ಅದರ ಬಡ್ಡಿಯಲ್ಲಿ ಬದುಕುತ್ತಾರೆ. ಒಂದು ಕಾಲಕ್ಕೆ ಮೂರ್ತಿಗಳೂ ಅವರ ಪೈಕಿಯೇ ಇದ್ದರೇನೋ. ಮಾವನ ಮನೆಯ ಒಂದು ಬೆಳಗಿನ ಕಾಫಿಯ ಹೊತ್ತು ಅವರನ್ನು ಆ ಪಂಕ್ತಿಯಿಂದ ಎಬ್ಬಿಸಿತು. ನಿಜವನ್ನು ಒಂದಿಷ್ಟೂ ಮಬ್ಬುಗೊಳಿಸದೆ ಎದುರಿಗೆ ತಂದಿಟ್ಟು, ಅದು ತಮ್ಮ ಪರವಾಗಿ ಸಾಕ್ಷಿ ನುಡಿಯುವ ಗಳಿಗೆಯಲ್ಲಿ ಬೇರೆಲ್ಲೋ ನೋಡುತ್ತ ಕೂರುವ ಜನ ಅಪರೂಪ. ಅಂಥವರು ಗೆಲ್ಲುವುದು ಯಾರಿಗೂ ಕೇಳಿಸುವುದಿಲ್ಲ. ಆದರೆ ಅವರಿರುವ ಮನೆಯಲ್ಲಿ ಉಳಿದವರ ದನಿ ತುಂಬಿಕೊಂಡು ಕೇಳುತ್ತದೆ.