ಕೊಕ್ಕರೆಯ ಬಾಲ

ಕೊಕ್ಕರೆ ಬೀಳಲಿಲ್ಲ. ಹಗ್ಗ ಬಿಚ್ಚಿದರು, ಆಸರೆಯ ಗಳ ತೆಗೆದರು. ಮಕ್ಕಳು ತಂತಿ, ಕಾಗದದಲ್ಲಿ ಮಾಡಿದ ಹನ್ನೆರಡು ಅಡಿಯ ಹಕ್ಕಿ ಎರಡೇ ಕಾಲಿನ ಮೇಲೆ ಕತ್ತು ಚಾಚಿಕೊಂಡು ನಿಂತೇಬಿಟ್ಟಿತು. ಚಪ್ಪಾಳೆಯ ನಡುವೆ ಕ್ಲಾಸ್ ಲೀಡರ್ ಎದೆಯುಬ್ಬಿಸಿ, ಈ ಹಕ್ಕಿ ತನಗೆ ಹೇಗೆ ಹೊಳೆಯಿತೆಂದು ಹೆಡ್‌ಮಿಸ್ಸಿಗೆ ಬಣ್ಣಿಸತೊಡಗಿದ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಯ ಮುಖ ಮಾತ್ರ ಕಪ್ಪಿಟ್ಟಿತು.

ಹಕ್ಕಿ ಹೊಳೆದದ್ದು ಅವಳಿಗೆ. ಅಂಟನ್ನೂ ತೂಗಿಯೇ ಕಲಸುತ್ತಾಳೆಂದು ಎಲ್ಲರೂ ಅವಳನ್ನು ಗ್ರಾಂ ಎನ್ನುತ್ತಿದ್ದರು. ತಂತಿಯಲ್ಲಿ ಗೇಣುದ್ದದ ಮಾದರಿ ಮಾಡಿ ತಂದವಳು, ಕತ್ತಿನ ಭಾರಕ್ಕೆ ಸರಿದೂಗಲು ಬಾಲದೊಳಗೆ ನಾಲ್ಕು ಮರಳುಚೀಲ ಬೇಕೆಂದವಳು ಅವಳೇ. ಆ ಚಿತ್ರಕಲೆ ಕೋಣೆಯಲ್ಲಿ ಮಕ್ಕಳದೇ ಕಾರುಬಾರು. ತಾವಾಗಿ ಕೇಳದ ಹೊರತು ಮೇಷ್ಟ್ರು ಬಾಯಿ ಹಾಕಕೂಡದೆಂದು ನಿಯಮ ಮಾಡಿ, ಅದಕ್ಕೆ ಮೇಷ್ಟ್ರ ಕೈಯನ್ನೂ ಎತ್ತಿಸಿದ್ದರು. ಕರಿಹಲಗೆಯಲ್ಲಿ ಯಾರ ಹೆಸರಿನ ಎದುರು ಕೆಲಸ ಬರೆದಿದೆಯೋ ಅವರದೇ ಕೊನೆಯ ಮಾತು. ಲೆಕ್ಕ ಮುಗಿಯದೆ ಬರೆಯುವುದು ಬೇಡವೆಂದು ಗ್ರಾಂ ಹಲಗೆ ಮುಟ್ಟಿರಲಿಲ್ಲ. ಎರಡು ದಿನ ಜ್ವರದಲ್ಲಿ ಮಲಗಿ ಎದ್ದು ಬಂದಾಗ ಕೊಕ್ಕರೆಯ ಎದುರು ಲೀಡರ್ ಹೆಸರಿತ್ತು. ಕೇಳಿದರೆ, ಹಲಗೆ ಖಾಲಿ ಇತ್ತಲ್ಲ ಎಂದು ಹಲ್ಲು ಕಿರಿದ. ಮೂಲೆಯಲ್ಲಿ ಮೇಷ್ಟ್ರು ಕುಂಚ ತೊಳೆಯುತ್ತಿದ್ದರು. ಅವಳು ಅವರ ಹತ್ತಿರ ಹೋಗಲಿಲ್ಲ. ಕೇಳಿ ಪಡೆದ ನ್ಯಾಯ ಅವಳಿಗೆ ಬೇಕಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ಊಟದ ಬಿಡುವಿನಲ್ಲಿ ಬಾಲದೊಳಗೆ ಕೈ ತೂರಿಸಿ ಎರಡು ಚೀಲ ಹೊರಗೆಳೆದಳು. ಅವನ ಭಾಷಣದ ನಟ್ಟನಡುವೆ ಕೊಕ್ಕು ನೆಲಕ್ಕೆ ಬಡಿಯಬೇಕು, ಅಷ್ಟೇ.

ಬಡಿಯಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಎಂದು ತಿಳಿಯದೆ, ಎಲ್ಲರೂ ಹೋದ ಮೇಲೆ ಬಾಲ ಮುಟ್ಟಿದಳು. ಬೆರಳಿಗೆ ತಣ್ಣಗೆ ಹತ್ತಿತು. ಬಾಲ ಸೊರಗಿದಂತಿದೆಯೆಂದು ಲೀಡರ್‌ನ ಗೆಳೆಯರು ಅಂದು ಬೆಳಿಗ್ಗೆ ನೆನೆಸಿ ಅರೆದ ಕಾಗದವನ್ನು ಮೂರು ಬಕೆಟ್ ಮೆತ್ತಿದ್ದರು. ಅವಳು ತೆಗೆದ ಮರಳಿನ ಭಾರವನ್ನು ನೀರು ತುಂಬಿಕೊಟ್ಟಿತ್ತು.

ಅವಳಿಗೆ ನಗು ಬಂತು. ನೀರು ಎಷ್ಟು ದಿನ ಇದ್ದೀತು? ಹೋಗಿ ಕಿಟಕಿಗಳನ್ನೆಲ್ಲ ತೆರೆದಿಟ್ಟಳು.

ಸೋಮವಾರದಿಂದ ದಿನಾ ಬೆಳಿಗ್ಗೆ ಕೊಕ್ಕಿನಿಂದ ನೆಲಕ್ಕೆ ಅಳೆದಳು. ಮಂಗಳವಾರ ಎರಡು ಬೆರಳು ಇಳಿದಿತ್ತು, ಬುಧವಾರ ಒಂದು ಗೇಣು. ಹಕ್ಕಿಗೆ ಮೀನು ಕಂಡಿರಬೇಕು ಎಂದು ಯಾರೋ ತಮಾಷೆ ಮಾಡಿದರು. ಲೀಡರ್ ನಗಲಿಲ್ಲ. ಶುಕ್ರವಾರ ಬೇರೆ ಶಾಲೆಗಳವರು ನೋಡಲು ಬರುವವರಿದ್ದರು.

ಶುಕ್ರವಾರ ಅವಳು ಕೋಣೆಗೆ ಕಾಲಿಟ್ಟಾಗ ಅವನು ಕತ್ತಿನ ಕೆಳಗೆ ಹೆಗಲು ಕೊಟ್ಟು ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಗ್ರಾಂ, ಇದಕ್ಕೇನಾಗಿದೆ ಅಂತ ನಿಂಗೆ ಗೊತ್ತಿರುತ್ತೆ. ಸ್ವಲ್ಪ ನೋಡೇ."

"ಹಕ್ಕಿ ನಿಂದಲ್ವಾ? ನನ್ನ ಯಾಕೆ ಕೇಳ್ತೀಯ?"

ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. "ನಿಂದೇ ಕಣೇ, ಒಪ್ಕೋತೀನಿ. ಮೊದಲು ಇದನ್ನ ಹಿಡ್ಕೋ."

"ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಅವರೆಲ್ಲ ಬರ್ಲಿ. ಅವರ ಮುಂದೆ ಹೇಳು."

"ಅಷ್ಟು ಹೊತ್ತು ಹೊರೋಕಾಗಲ್ಲ ಕಣೇ."

"ಇಷ್ಟು ದಿನ ಹೊತ್ಕೊಂಡು ಮೆರೆದ್ಯಲ್ಲ."

ಗೇಟಿನ ಬಳಿ ಬಸ್ಸು ನಿಂತ ಸದ್ದಾಯಿತು. ಅವಳು ನಲ್ಲಿ ತಿರುಗಿಸಿ, ಅವನಿಗೆ ಬೆನ್ನು ಮಾಡಿ, ಉಗುರಿನ ಸಂದಿಯ ಅಂಟನ್ನು ಒಂದೊಂದೇ ಬೆರಳಿನಿಂದ ನಿಧಾನವಾಗಿ ತೊಳೆಯತೊಡಗಿದಳು.